ಮೊದಲು ಬಂದವರ ಕೀಲಿ

ನಮ್ಮಕ್ಕನಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಗಡಿಯಾರ ಟೀಚರ್. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ಅಕ್ಕ ಇಡೀ ಜೀವಮಾನದಲ್ಲಿ ಒಂದು ದಿನವೂ ತಡವಾಗಿ ಶಾಲೆಗೆ ಹೋದವಳಲ್ಲ. ಜ್ವರ ಕೂಡ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಬಿಡಬೇಕು ಅನ್ನುವ ಪೈಕಿ. ಅವಳು ಮದುವೆಯಾಗಲಿಲ್ಲ. ಮಾತುಕತೆಗೆ ಬಂದ ಗಂಡು ಅರ್ಧ ಗಂಟೆ ತಡವಾಗಿ ಬಂದನೆಂದು ಬೇಡ ಅಂದಳು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅದು ಸುಳ್ಳು, ಆದರೆ ನಂಬದವರು ಯಾರೂ ಇರಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವಳ ಮನೆಗೇ ಬಂದು, ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಅಂಗಡಿ ಮಾಡಿಕೊಂಡೆ. ಅವಳು ಗಡಿಯಾರ, ನಾನು ಮಷಿನ್. ಮನೆಯಲ್ಲಿ ಸದ್ದಿಗೇನೂ ಕೊರತೆಯಿರಲಿಲ್ಲ.

ಅಕ್ಕನ ತರಗತಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿತ್ತು. ತರಗತಿ ನಡೆಯುತ್ತಿದ್ದದ್ದು ಮಹಡಿಯ ಮೇಲೆ, ಪಡಸಾಲೆಯ ಕೊನೆಯಲ್ಲಿದ್ದ ಕೋಣೆಯಲ್ಲಿ. ಕೀಲಿಗಳೆಲ್ಲ ಆಫೀಸಿನ ಹಲಗೆಯಲ್ಲೇ ತೂಗಬೇಕು, ಮಕ್ಕಳ ಕೈಗೆ ಹೋಗಕೂಡದು ಎಂಬುದು ಶಾಲೆಯ ನಿಯಮ. ಆದರೆ ಆಫೀಸಿನ ಗುಮಾಸ್ತ ಬರುವುದು ನಿಧಾನ. ಅವನಿಗಾಗಿ ಕಾಯುವ ಜಾಯಮಾನ ಅಕ್ಕನದಲ್ಲ. ಅವಳು ಇನ್ನೊಂದು ಕೀಲಿ ಮಾಡಿಸಿ, ದಿನವೂ ಎಲ್ಲರಿಗಿಂತ ಮೊದಲು ಬರುವ ಮಗುವಿನ ಕೈಗೆ ಕೊಡುತ್ತಿದ್ದಳು. ಆ ಮಗು ಬಾಗಿಲು ತೆಗೆದು, ಕಿಟಕಿ ತೆರೆದು, ಬೋರ್ಡು ಒರೆಸಿ ತಾರೀಖು ಬರೆಯಬೇಕು. ಬೇರೆ ಯಾರಾದರೂ ಅದನ್ನು ಮೀರಿಸಿ ಬರತೊಡಗಿದರೆ ಕೀಲಿ ಅವರಿಗೆ. ಮಕ್ಕಳು ಅದಕ್ಕಾಗಿ ಓಡೋಡಿ ಬರುತ್ತಿದ್ದರು. ಎಷ್ಟೋ ವರ್ಷಗಳಿಂದ ನಡೆದುಬಂದ ಈ ಗುಟ್ಟು ತರಗತಿಯ ಹೊರಗೆ ಹೋಗಿರಲಿಲ್ಲ. ಹೋಗಿಲ್ಲ ಎಂದು ಅಕ್ಕ ನಂಬಿದ್ದಳು, ಅಷ್ಟೆ.

ಅವಳು ನಿವೃತ್ತಿಯಾಗಬೇಕಿದ್ದ ವರ್ಷ ಆ ಕೀಲಿ ಹತ್ತನೇ ತರಗತಿಯ ಒಬ್ಬ ಹುಡುಗಿಯ ಕೈ ಸೇರಿತು. ಸೇರಿದ್ದು ಮತ್ತೆ ಬೇರೆ ಕೈಗೆ ಹೋಗಲಿಲ್ಲ. ಅಕ್ಕ ಶಾಲೆ ಮುಟ್ಟುವ ಹೊತ್ತಿಗೆ ಕಿಟಕಿಗಳೆಲ್ಲ ತೆರೆದಿರುತ್ತಿದ್ದವು. ನೆಲ ಕೂಡ ಗುಡಿಸಿರುತ್ತಿತ್ತು. ಹುಡುಗಿ ತಲೆ ಬಾಚಿಕೊಂಡು, ಒಗೆದ ಯೂನಿಫಾರ್ಮಿನಲ್ಲಿ ಮುಂದಿನ ಬೆಂಚಿನಲ್ಲಿ ಲೆಕ್ಕ ಮಾಡುತ್ತ ಕೂತಿರುತ್ತಿದ್ದಳು. ಸಂಜೆ ಕೊನೆಗೆ ಹೋಗುವವಳೂ ಅವಳೇ. ಅಕ್ಕ ಅವಳನ್ನು ಮುಂಗೋಳಿ ಎಂದು ಕರೆದಳು, ತರಗತಿಯೂ ಹಾಗೇ ಕರೆಯತೊಡಗಿತು. ತಡವಾಗಿ ಬಂದವರನ್ನೆಲ್ಲ ನಿಲ್ಲಿಸಿ, ಮುಂಗೋಳಿಯನ್ನು ನೋಡಿ ಕಲೀರಿ ಅನ್ನುವುದೇ ಅಕ್ಕನಿಗೆ ಕೆಲಸವಾಯಿತು. ಮನೆಗೆ ಬಂದರೆ ಊಟದ ಹೊತ್ತಿನಲ್ಲೂ ಅದೇ ಪುರಾಣ.

ನನಗೆ ಕೇಳಿ ಕೇಳಿ ಸಾಕಾಗಿತ್ತು. ಒಂದು ದಿನ, ಆ ಮಗು ಅಷ್ಟು ಬೇಗ ಬರಬೇಕಾದರೆ ಅದರ ಮನೆಯಲ್ಲಿ ತಿಂಡಿ ಯಾವಾಗ ಮಾಡುತ್ತಾರೆ, ಯಾವತ್ತಾದರೂ ವಿಚಾರಿಸಿದ್ದೀಯಾ ಎಂದು ಕೇಳಿದೆ. ಅಕ್ಕ ನಕ್ಕಳು.

"ಓದೋ ಮಕ್ಕಳಿಗೆ ಹಸಿವು ಕಡಿಮೆ ಕಣೆ. ನಿನಗೆಲ್ಲಿ ಗೊತ್ತಾಗಬೇಕು," ಅಂದಳು.

ಓದಿನಲ್ಲಿ ನಾನು ಹಿಂದೆ ಬಿದ್ದವಳೆಂದು ಚುಚ್ಚಲು ಸಿಕ್ಕ ಅವಕಾಶವನ್ನು ಅವಳು ಬಿಡುತ್ತಿರಲಿಲ್ಲ. ನಾನೂ ನಕ್ಕು ಸುಮ್ಮನಾದೆ.

ಮುಂಗೋಳಿ ಮನೆಯಿಂದ ಬೇಗ ಬರುತ್ತಿರಲಿಲ್ಲ. ಅವಳಿಗೆ ಬರಲು ಮನೆಯೇ ಇರಲಿಲ್ಲ. ಅಪ್ಪ ಸತ್ತ ಮೇಲೆ ತಾಯಿ ಇನ್ನೊಂದು ಮದುವೆಯಾಗಿ ದೂರದ ಊರಿಗೆ ಹೋಗಿದ್ದಳು. ಆ ಮನೆಯಲ್ಲಿ ಹುಡುಗಿಗೆ ಜಾಗವಿರಲಿಲ್ಲ, ಸೋದರತ್ತೆಯ ಮನೆಯಲ್ಲಿ ಬಿಟ್ಟಳು. ಅತ್ತೆ ಕೆಟ್ಟವಳೇನಲ್ಲ. ಮಗನ ಮದುವೆಯಾಯಿತು, ಇದ್ದದ್ದು ಎರಡು ಕೋಣೆ, ಸೊಸೆ ಬಂದಳು. ಸ್ವಲ್ಪ ದಿನ ಯಾರಾದರೂ ಗೆಳತಿಯ ಮನೆಯಲ್ಲಿರು ಅಂದಳು. ಗೆಳತಿಯರ ತಾಯಂದಿರೂ ಒಳ್ಳೆಯವರೇ. ಮೊದಲ ವಾರ ಮಗಳೇ ಅಂದರು, ಆಮೇಲೆ ನಿಮ್ಮ ಅತ್ತೆ ಯಾವಾಗ ಕರೀತಾರಮ್ಮ ಅಂದರು. ಹಾಗೆ ಒಂದೊಂದೇ ಮನೆ ಮುಗಿಯುತ್ತ ಬಂದು, ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಅಕ್ಕ ಕೊಟ್ಟ ಕೀಲಿ. ಬಾಗಿಲಿಗೇ ಕೂಡಿಸಿದ ಬೀಗ, ಒಳಗಿನಿಂದಲೂ ಹಾಕಿಕೊಳ್ಳಬಹುದು. ಸಂಜೆ ಎಲ್ಲರೂ ಹೋದ ಮೇಲೆ ಅವಳು ಮೇಲೆ ಹೋಗಿ ಬೀಗ ಹಾಕಿಕೊಳ್ಳುತ್ತಿದ್ದಳು. ಬೆಂಚು ಕೂಡಿಸಿ ಮಲಗುತ್ತಿದ್ದಳು. ಎಲ್ಲರಿಗಿಂತ ಮೊದಲು ಬಂದ ಹುಡುಗಿಯೆಂದು ನಮ್ಮಕ್ಕ ಹೊಗಳುತ್ತಿದ್ದದ್ದು ಹೋಗಲು ಎಲ್ಲೂ ಇಲ್ಲದ ಹುಡುಗಿಯನ್ನು.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಮೊದಲು ತಿಳಿದದ್ದು ಗುಡಿಸುವ ಹೆಂಗಸಿಗೆ. ರಜೆಯ ದಿನ ಮಹಡಿ ತೊಳೆಯಲು ಹೋದವಳು ಭೂಪಟ ಇಡುವ ಕಪಾಟಿನ ಹಿಂದೆ ಒಂದು ದಿಂಬು, ಹೊದಿಕೆ, ಹಲ್ಲುಜ್ಜುವ ಬ್ರಷ್ಷು, ಸೋಪಿನ ಡಬ್ಬಿ, ಮುಂಗೋಳಿಯ ಹೆಸರಿದ್ದ ಒಂದು ನೋಟುಪುಸ್ತಕ ಕಂಡಳು. ಹಿಂದಿನ ಬೆಂಚುಗಳ ಮೇಲೆ ಒಂದು ಜೊತೆ ಯೂನಿಫಾರ್ಮು ಒಣಗುತ್ತಿತ್ತು. ಅವಳು ಹೋಗಿ ಹೇಳಿದ್ದು ಆಡಳಿತ ಮಂಡಳಿಯ ಕಾರ್ಯದರ್ಶಿಗೆ. ಮರುದಿನ ಅವರು ಹೆಡ್‌ಮಾಸ್ಟರ ಕೋಣೆಯಲ್ಲಿ ಬಂದು ಕೂತರು. ಹುಡುಗಿಯನ್ನೂ ಅಕ್ಕನನ್ನೂ ಕರೆಸಿದರು. ಹುಡುಗಿಯಿಂದ ಇಸಿದುಕೊಂಡ ಕೀಲಿಯನ್ನು ಮೇಜಿನ ಮೇಲೆ ಇಟ್ಟು, ಇದು ಈ ಹುಡುಗಿಯ ಕೈಗೆ ಹೇಗೆ ಬಂತು ಎಂದು ಕೇಳಿದರು.

ಅಕ್ಕ ನಾನು ಕೊಟ್ಟೆ ಅನ್ನಬೇಕಿತ್ತು. ಎರಡೇ ಮಾತು. ನಿವೃತ್ತಿಗೆ ಕೆಲವೇ ತಿಂಗಳಿತ್ತು, ಇಡೀ ಜೀವಮಾನದಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ, ನಿಯಮ ಮುರಿದವಳು ತಾನು ಎಂದು ಆ ಕಾರ್ಯದರ್ಶಿಯ ಎದುರು ಒಪ್ಪಿಕೊಳ್ಳಲು ಅವಳ ನಾಲಿಗೆ ಏಳಲಿಲ್ಲ.

"ಕೀಲಿ ನನ್ನ ಮೇಜಿನ ಮೇಲಿತ್ತು," ಅಂದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಮಾತು. ಕಾರ್ಯದರ್ಶಿ ಹುಡುಗಿಯ ಕಡೆ ತಿರುಗಿ, ಹಾಗಾದರೆ ನೀನೇ ಎತ್ತಿಕೊಂಡೆಯಾ ಎಂದರು. ಹುಡುಗಿ ಅಕ್ಕನ ಮುಖ ನೋಡಿದಳಂತೆ. ತುಂಬ ಹೊತ್ತೇನೂ ಅಲ್ಲ.

"ಹೌದು ಸರ್. ನಾನೇ ತಗೊಂಡೆ," ಅಂದಳು.

ಕಳ್ಳತನದ ಮಾತಾದ್ದರಿಂದ ಮನೆಯ ಹಿರಿಯರನ್ನು ಕರೆದುಕೊಂಡು ಬರುವವರೆಗೆ ಶಾಲೆಗೆ ಬರಬೇಡ ಎಂದು ತೀರ್ಮಾನವಾಯಿತು. ಇಲ್ಲದ ಹಿರಿಯರನ್ನು ಕರೆದು ತಾ ಅಂದರೆ ಎಲ್ಲಿಂದ ತಂದಾಳು? ದಿಂಬು ಹೊದಿಕೆ ಕಟ್ಟಿಕೊಂಡು ಹೋದವಳು ಮತ್ತೆ ಬರಲಿಲ್ಲ.

ಮನೆಯಲ್ಲಿ ಅಕ್ಕ ಇದರ ಒಂದಕ್ಷರವೂ ಹೇಳಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸಿ ಏಳುವಳು. ಮುಂಗೋಳಿ ಹೇಗಿದ್ದಾಳೆ ಎಂದು ಕೇಳಿದೆ, ರಜೆಯಲ್ಲಿದ್ದಾಳೆ ಅಂದಳು. ಅಂಗಡಿಯ ಕಪಾಟಿನ ಕೀಲಿ ಕಾಣದೆ ನಾನು, ಕೀಲಿ ಯಾರು ತೆಗೆದರೋ ಎಂದು ಗೊಣಗಿಕೊಂಡರೆ ಒಳಗಿನಿಂದ ನಾನಲ್ಲ ನಾನಲ್ಲ ಎಂದು ಕೂಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇವಳಿಗೇನೋ ಆಗಿದೆ ಎಂದು ನನಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಗೊತ್ತು ಮಾಡಿದವಳು ಅದೇ ತರಗತಿಯ ಇನ್ನೊಬ್ಬ ಹುಡುಗಿ, ನನ್ನ ಗಿರಾಕಿ. ಉದ್ದ ಜಡೆಯವಳು, ಬಾಯಿ ಅದಕ್ಕಿಂತ ಉದ್ದ. ತೋಳಿನ ಅಳತೆ ಕೊಡುತ್ತ ನಿಂತವಳು ಇದ್ದಕ್ಕಿದ್ದಂತೆ ಹೇಳಿಬಿಟ್ಟಳು.

"ಆಂಟಿ, ಆ ಕೀಲಿ ಟೀಚರೇ ಕೊಟ್ಟಿದ್ದು. ನಮಗೆಲ್ಲ ಗೊತ್ತು."

ಆಮೇಲೆ ಎಲ್ಲವನ್ನೂ ಹೇಳಿದಳು. ಮುಂಗೋಳಿ ಹೋದ ಮರುದಿನ ತರಗತಿಯಲ್ಲಿ ಯಾರೂ ಬೇಗ ಬರಲಿಲ್ಲವಂತೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಎಲ್ಲರೂ ಗೇಟಿನ ಹೊರಗೆ ನಿಂತಿದ್ದು, ಗಂಟೆ ಹೊಡೆದ ಮೇಲೆ ಒಟ್ಟಿಗೆ ಮೇಲೆ ಹೋದರಂತೆ. ಅಕ್ಕ ಮುಚ್ಚಿದ ಬಾಗಿಲಿನ ಎದುರು ಪುಸ್ತಕ ಹಿಡಿದುಕೊಂಡು ಒಬ್ಬಳೇ ನಿಂತಿದ್ದಳಂತೆ. ಅಂದಿನಿಂದ ದಿನವೂ ಹಾಗೇ. ಮುಂಗೋಳಿ ಎಲ್ಲಿದ್ದಾಳೆ ಎಂದು ಒಮ್ಮೆ ಅಕ್ಕ ಕೇಳಿದಾಗ ಇಡೀ ತರಗತಿ ಪುಸ್ತಕಕ್ಕೆ ಮುಖ ಹಾಕಿಕೊಂಡಿತಂತೆ.

ನನಗೆ ಮೈ ಉರಿದುಹೋಯಿತು. ಅಕ್ಕ ಬಂದು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡಲಿಲ್ಲ.

"ಆ ಮಗು ಕದ್ದಳು ಅಂದ್ಯಾ?"

"ಇಲ್ಲ. ಮೇಜಿನ ಮೇಲಿತ್ತು ಅಂದೆ."

"ಇತ್ತಾ?"

"ಒಂದು ದಿನ ಇತ್ತು. ಅಲ್ಲಿಂದ ಎತ್ತಿ ಅವಳ ಕೈಗೆ ಕೊಟ್ಟೆ."

ಹೇಳಿದವಳೇ ಅಲ್ಲೇ ನೆಲದ ಮೇಲೆ ಕೂತಳು. ಎದೆಯ ಮೇಲೆ ಕಲ್ಲು ಹೇರಿಕೊಂಡು ತಿರುಗುತ್ತಿದ್ದೇನೆ, ತರಗತಿಗೆ ಕಾಲಿಡಲು ನಾಚಿಕೆಯಾಗುತ್ತದೆ, ಆ ಮಕ್ಕಳಿಗೆ ಯಾವ ಮುಖದಲ್ಲಿ ಲೆಕ್ಕ ಹೇಳಿಕೊಡಲಿ ಎಂದು ಅತ್ತಳು. ಅಕ್ಕ ಅತ್ತದ್ದು ನಾನು ನೋಡಿದ್ದೇ ಕಡಿಮೆ. ಕನಿಕರವಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ನಿನ್ನ ಎದೆಯ ಕಲ್ಲು ಹಾಗಿರಲಿ, ಅವಳು ಈಗ ಎಲ್ಲಿ ಮಲಗುತ್ತಿದ್ದಾಳೆ ಎಂದು ಕೇಳಿದೆ. ಅಕ್ಕನಿಗೆ ಗೊತ್ತಿರಲಿಲ್ಲ. ಅತ್ತೆಯ ಮನೆಗೆ ಹೋಗಿ ನೋಡಿದ್ದಳಂತೆ, ಅಲ್ಲಿ ಇರಲಿಲ್ಲ. ಹೆಡ್‌ಮಾಸ್ಟರಿಗೆ ನಾಳೆ ನಿಜ ಹೇಳುತ್ತೇನೆ ಅಂದಳು.

ಆ ನಾಳೆ ಬರಲೇ ಇಲ್ಲ. ಒಂದು ದಿನ ಹೆಡ್‌ಮಾಸ್ಟರ್ ಊರಲ್ಲಿಲ್ಲ ಅಂದಳು, ಇನ್ನೊಂದು ದಿನ ಕಾರ್ಯದರ್ಶಿ ಬಂದಿದ್ದರು ಅಂದಳು, ಮತ್ತೊಂದು ದಿನ ತಲೆನೋವು. ಜೀವಮಾನವಿಡೀ ಒಂದು ನಿಮಿಷ ತಡಮಾಡದವಳು ಈ ಒಂದು ಮಾತಿಗೆ ಮಾತ್ರ ದಿನಗಟ್ಟಲೆ ತಡಮಾಡಿದಳು. ಅಷ್ಟರಲ್ಲಿ ಪಬ್ಲಿಕ್ ಪರೀಕ್ಷೆಗೆ ಮಕ್ಕಳ ಹೆಸರು ಕಳಿಸುವ ಕಾಲ ಬಂತು. ಹೆಸರು ಹೋಗದಿದ್ದರೆ ಮುಂಗೋಳಿಯ ಆ ವರ್ಷ ಹೋಯಿತು. ಮನೆಯಿಲ್ಲದವಳಿಗೆ ಒಂದು ವರ್ಷ ಹೋಯಿತು ಅಂದರೆ ಓದೇ ಹೋದ ಹಾಗೆ, ಮತ್ತೆ ಯಾರು ಕರೆದು ಸೇರಿಸುತ್ತಾರೆ? ನೀನು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದು ಅಂಗಡಿಗೆ ಬೀಗ ಹಾಕಿ ಅಕ್ಕನ ಜೊತೆ ಹೊರಟೇಬಿಟ್ಟೆ.

ಹೆಡ್‌ಮಾಸ್ಟರ್ ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವರು, ಅದೇ ಶಾಲೆಯಲ್ಲಿ ಅವಳ ಹತ್ತಿರವೇ ಲೆಕ್ಕ ಕಲಿತವರು. ಅವಳನ್ನು ಕಂಡರೆ ಇಂದಿಗೂ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಅವತ್ತೂ ಎದ್ದು ನಿಂತರು. ನಾನು ಬಾಗಿಲ ಹತ್ತಿರ ನಿಂತೆ. ಅಕ್ಕ ಕೂರಲೂ ಇಲ್ಲ.

"ಕೀಲಿ ನಾನೇ ಕೊಟ್ಟಿದ್ದು. ಆ ಹುಡುಗಿ ಕದ್ದಿಲ್ಲ," ಅಂದಳು.

ಹೆಡ್‌ಮಾಸ್ಟರ್ ಮೇಜಿನ ಮೇಲಿದ್ದ ಪೆನ್ನನ್ನು ಆಚೆ ಈಚೆ ಸರಿಸಿದರು.

"ಗೊತ್ತು ಟೀಚರ್. ಹತ್ತನೇ ಕ್ಲಾಸಲ್ಲಿ ಆ ಕೀಲಿ ನನ್ನ ಹತ್ರಾನೂ ಇತ್ತು."

"ಮತ್ತೆ ಅವತ್ತು ಯಾಕೆ ಸುಮ್ಮನಿದ್ರಿ?"

"ಕಾರ್ಯದರ್ಶಿ ಎದುರಿಗೆ ನಿಮ್ಮ ಮಾತನ್ನ ಸುಳ್ಳು ಅಂತ ಹೇಗೆ ಹೇಳಲಿ? ನೀವೇ ಬಂದು ಹೇಳ್ತೀರಿ ಅಂತ ಕಾದೆ. ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಗುರುವಿನ ಮರ್ಯಾದೆ ಕಾಯಲು ಶಿಷ್ಯ ಸುಮ್ಮನಿದ್ದ, ತನ್ನ ಮರ್ಯಾದೆ ಕಾಯಲು ಗುರು ಸುಮ್ಮನಿದ್ದಳು. ಇಬ್ಬರದೂ ಚೊಕ್ಕಟವಾಗಿ ಉಳಿಯಿತು. ಅದರ ನಡುವೆ ಒಂದು ಹೆಣ್ಣುಮಗು ದಿಂಬು ಕಂಕುಳಲ್ಲಿ ಇಟ್ಟುಕೊಂಡು ಬೀದಿಗೆ ಹೋಯಿತು. ಓದಿದವರ ಸೌಜನ್ಯ ಇಷ್ಟು ದುಬಾರಿಯೆಂದು ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಅಲ್ಲೇ ಆಡಿಬಿಟ್ಟೆ. ಹೆಡ್‌ಮಾಸ್ಟರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಕಾರ್ಯದರ್ಶಿಯವರಿಗೆ ಇವತ್ತೇ ತಿಳಿಸುತ್ತೇನೆ, ಹೆಸರು ಕಳಿಸುತ್ತೇನೆ, ಅವಳನ್ನು ಕರೆದುಕೊಂಡು ಬನ್ನಿ ಅಂದರು.

ಎಲ್ಲಿದ್ದಾಳೆಂದು ಜಡೆಯ ಹುಡುಗಿಯೇ ಹೇಳಿದಳು, ಅದೂ ಅಕ್ಕ ನಿಜ ಒಪ್ಪಿಕೊಂಡದ್ದು ಖಾತ್ರಿಯಾದ ಮೇಲೆ. ಮಾರುಕಟ್ಟೆಯ ಹಿಂದಿನ ಬೇಕರಿಯಲ್ಲಿ ಮುಂಗೋಳಿ ಬ್ರೆಡ್ಡು ಕಟ್ಟುವ ಕೆಲಸ ಮಾಡುತ್ತಿದ್ದಳು. ಕೆಲಸದ ಹೆಂಗಸರ ಜೊತೆ ಅಟ್ಟದ ಮೇಲೆ, ಹಿಟ್ಟಿನ ಚೀಲಗಳ ಪಕ್ಕದಲ್ಲಿ ಮಲಗುತ್ತಿದ್ದಳು. ನಾವು ಹೋದಾಗ ತಲೆಗೆ ಬಟ್ಟೆ ಕಟ್ಟಿಕೊಂಡು ಉದ್ದದ ಮೇಜಿನ ಮುಂದೆ ನಿಂತಿದ್ದಳು. ಅಕ್ಕನನ್ನು ಕಂಡವಳೇ, ತರಗತಿಗೆ ಟೀಚರು ಬಂದ ಹಾಗೆ, ಕೈ ಹಿಂದಕ್ಕೆ ಕಟ್ಟಿ ನೆಟ್ಟಗೆ ನಿಂತಳು.

ಅಕ್ಕ ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ಬರಲಿಲ್ಲ. ನಾನು ಸುಳ್ಳು ಹೇಳಿದೆ ಮಗು ಎಂದಷ್ಟೇ ಅಂದಳು. ಹುಡುಗಿ ಸುತ್ತಲಿದ್ದವರನ್ನು ನೋಡಿ ದನಿ ತಗ್ಗಿಸಿದಳು.

"ನೀವು ಸುಳ್ಳು ಹೇಳ್ಲಿಲ್ಲ ಟೀಚರ್. ಮೇಜಿನ ಮೇಲೆ ಇತ್ತಲ್ಲ."

ಅಕ್ಕನಿಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಇದನ್ನು ತಡೆದುಕೊಳ್ಳಲಾಗಲಿಲ್ಲ, ಬ್ರೆಡ್ಡಿನ ರಾಶಿಯ ಮುಂದೆ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುವುದನ್ನು ಮನೆಗೆ ಹೋಗಿ ಅಳು ಎಂದು ನಾನೇ ಮುಂದೆ ಬಂದು ಹುಡುಗಿಗೆ ವಿಷಯ ಹೇಳಿದೆ. ಪರೀಕ್ಷೆಗೆ ಬಿಡುತ್ತಾರಾ ಎಂದು ಕೇಳಿದಳು. ಬಿಡುತ್ತಾರೆ, ನಮ್ಮ ಮನೆಗೆ ಬಾ, ಅಲ್ಲೇ ಇದ್ದು ಓದು ಅಂದೆ. ಅವಳು ಒಂದು ಬ್ರೆಡ್ಡನ್ನು ಪೂರ್ತಿ ಕಟ್ಟಿ ಮುಗಿಸಿದಳು.

"ಎಷ್ಟು ದಿನಕ್ಕೆ ಆಂಟಿ? ಪರೀಕ್ಷೆ ಮುಗಿಯೋವರೆಗಾ?"

ಆ ಮಗುವನ್ನು ಕರೆದವರೆಲ್ಲ ಸ್ವಲ್ಪ ದಿನಕ್ಕೆ ಕರೆದವರೇ. ಪರೀಕ್ಷೆಯಾದ ಮೇಲೂ ಇರು, ನಿನ್ನ ಕಾಲ ಮೇಲೆ ನೀನು ನಿಲ್ಲುವವರೆಗೂ ಇರು ಅಂದೆ. ನಂಬಿದಳೋ ಇಲ್ಲವೋ, ಅಟ್ಟ ಹತ್ತಿ ತನ್ನ ಗಂಟನ್ನು ತಂದಳು. ಅದೇ ದಿಂಬು, ಅದೇ ಹೊದಿಕೆ.

ಮನೆಯ ಹಿಂದೆ ನಮಗೊಂದು ಕೋಣೆಯಿದೆ. ನನ್ನ ಬಟ್ಟೆಯ ತುಂಡುಗಳ ಮೂಟೆ, ಮುರಿದ ಮಷಿನ್ನು, ಅಕ್ಕ ಯಾವ ಕಾಲದಿಂದಲೋ ಕೂಡಿಟ್ಟ ಹಳೆಯ ಪ್ರಶ್ನೆಪತ್ರಿಕೆಗಳು ಅದರೊಳಗೆ ತುಂಬಿದ್ದವು. ಒಂದು ಮಧ್ಯಾಹ್ನದಲ್ಲಿ ಖಾಲಿಯಾಯಿತು. ಒಳ್ಳೆಯ ಕೋಣೆ, ಕಿಟಕಿ ದೊಡ್ಡದು. ಮುಂಗೋಳಿ ಬೆಂಚಿನ ಮೇಲೆ ಮಲಗುತ್ತಿದ್ದಷ್ಟು ದಿನವೂ ಅದು ಅಲ್ಲೇ ಇತ್ತು. ಹೊಸ್ತಿಲಲ್ಲಿ ಪೊರಕೆ ಹಿಡಿದು ನಿಂತ ಅಕ್ಕ ಅದನ್ನೇ ನೋಡುತ್ತಿದ್ದಳು.

ಮರುದಿನ ಅಕ್ಕ ಮನೆಯ ಬಾಗಿಲಿಗೆ ಇನ್ನೊಂದು ಕೀಲಿ ಮಾಡಿಸಿ ತಂದು ಹುಡುಗಿಯ ಅಂಗೈಯಲ್ಲಿಟ್ಟಳು. ಇದು ನಿನ್ನದು, ಮೀರಿಸಿ ಬರುವವರು ಯಾರೂ ಇಲ್ಲ ಅಂದಳು. ಹುಡುಗಿ ಥ್ಯಾಂಕ್ಸ್ ಟೀಚರ್ ಎಂದು ತೆಗೆದುಕೊಂಡು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಶಾಲೆಗೆ ಹೋದಳು. ಕೀಲಿ ಅಲ್ಲೇ ಉಳಿಯಿತು. ಶಾಲೆಗೂ ಅವಳು ಈಗ ಬೇಗ ಹೋಗುತ್ತಿರಲಿಲ್ಲ, ಗಂಟೆಯ ಹೊತ್ತಿಗೆ ಎಲ್ಲರ ಜೊತೆ ಹೋಗುತ್ತಿದ್ದಳು. ಚೆನ್ನಾಗಿ ಓದಿದಳು, ಚೆನ್ನಾಗಿಯೇ ಪಾಸಾದಳು, ಕಾಲೇಜಿಗೆ ಸೇರಿದಳು. ನನ್ನ ಜೊತೆ ನಗುತ್ತಾಳೆ, ಗುಂಡಿ ಹಚ್ಚಿಕೊಡುತ್ತಾಳೆ, ನನ್ನ ಹೊಲಿಗೆಯಲ್ಲಿ ತಪ್ಪನ್ನೂ ಹುಡುಕುತ್ತಾಳೆ. ಕೀಲಿ ಮಾತ್ರ ಮುಟ್ಟುವುದಿಲ್ಲ. ನಾನು ನೂಲು ಗುಂಡಿ ತರಲು ಹೊರಗೆ ಹೋಗಿದ್ದು, ಅಕ್ಕನೂ ಇಲ್ಲದಿದ್ದರೆ, ಮೆಟ್ಟಿಲ ಮೇಲೆ ಪುಸ್ತಕ ತೆರೆದುಕೊಂಡು ಕೂತಿರುತ್ತಾಳೆ.

ಹೀಗೆ ಬಿಸಿಲಿನಲ್ಲಿ ಕೂತದ್ದನ್ನು ಕಂಡು ಒಮ್ಮೆ ಚೆನ್ನಾಗಿ ಬೈದೆ. ಮೊಳೆಗೆ ಹಾಕಿದ ಕೀಲಿ ಯಾರ ಅಂದಕ್ಕೆ, ನಾಳೆಯಿಂದ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗು ಅಂದೆ.

"ಬೇಡ ಆಂಟಿ," ಅಂದಳು. "ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ಟೀಚರ್‌ಗೆ ಕಷ್ಟ ಆಗತ್ತೆ."

ಚುಚ್ಚುವುದಕ್ಕೆ ಆಡಿದ ಮಾತಲ್ಲ ಅದು. ಅಕ್ಕರೆಯಿಂದಲೇ ಆಡಿದಳು. ನನ್ನ ಜೊತೆ ಆಗಷ್ಟೇ ಹೊರಗಿನಿಂದ ಬಂದ ಅಕ್ಕ ಬೀಗ ತೆಗೆದು ಒಳಗೆ ಬಟ್ಟೆ ಮಡಿಸುತ್ತಿದ್ದಳು. ಅವಳಿಗೆ ಕೇಳಿಸಿತು.

ಅವತ್ತಿನಿಂದ ಅಕ್ಕ ಹುಡುಗಿ ಕಾಲೇಜಿನಿಂದ ಬರುವ ಹೊತ್ತಿಗೆ ಮನೆ ಬಿಟ್ಟು ಹೋಗುವುದಿಲ್ಲ. ನಿವೃತ್ತಿಯಾಗಿದೆ, ಕೈಯಲ್ಲಿ ಬೇಕಾದಷ್ಟು ಹೊತ್ತಿದೆ. ಬೀಳ್ಕೊಡುಗೆಯ ದಿನ ಅವಳ ಸಮಯಪ್ರಜ್ಞೆಯನ್ನು ಎಲ್ಲರೂ ಹೊಗಳುತ್ತಿದ್ದಾಗ, ಶಾಲು ಹೊದ್ದು ನೆಲ ನೋಡುತ್ತ ಕೂತಿದ್ದವಳು ಈಗ ಗೇಟಿನ ಸದ್ದಾಗುವ ಮೊದಲೇ ಎದ್ದು ಬಾಗಿಲು ತೆರೆದಿಟ್ಟು ನಿಂತಿರುತ್ತಾಳೆ. ಮೊದಲು ಬಂದವರೇ ಬಾಗಿಲು ತೆಗೆಯಬೇಕು ಎನ್ನುವುದು ಅವಳದೇ ಪದ್ಧತಿ ಅಲ್ಲವೇ ಎಂದು ನಾನು ತಮಾಷೆ ಮಾಡಿದ್ದುಂಟು. ಅವಳು ನಗಲಿಲ್ಲ.

ಕಳೆದ ವಾರ ಪಿಂಚಣಿ ಆಫೀಸಿನಲ್ಲಿ ಅವಳನ್ನು ತುಂಬ ಹೊತ್ತು ಕೂರಿಸಿದರು. ನಾನು ಗಿರಾಕಿಯ ಮನೆಯಿಂದ ತಿರುಗಿ ಬರುತ್ತಿದ್ದೆ, ಬೀದಿಯ ತುದಿಯಲ್ಲಿ ಅಕ್ಕ ಕಂಡಳು. ಈ ವಯಸ್ಸಿನಲ್ಲಿ ಓಡುತ್ತಿದ್ದಳು. ಒಂದು ಚಪ್ಪಲಿ ಕಿತ್ತುಹೋಗಿ ಕೈಯಲ್ಲಿತ್ತು. ಮುಂಗೋಳಿ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು.

"ತಡ ಆಯ್ತು ಮಗು," ಅಂದಳು ಅಕ್ಕ, ಏದುಸಿರು ಬಿಡುತ್ತ. ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಪರವಾಗಿಲ್ಲ ಟೀಚರ್," ಎಂದು ಹುಡುಗಿ ಎದ್ದು, ಅಕ್ಕ ಬೀಗ ತೆಗೆಯಲೆಂದು ಪಕ್ಕಕ್ಕೆ ಸರಿದು ನಿಂತಳು.